ಘಾಟಿ ಬಸ್ಸಿನಲ್ಲಿ ಕಕ್ಕುವ ಹುಡುಗಿ ಗಗನಯಾತ್ರಿ ಆಗಬಹುದೇ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ. ಮಗಳು ಒಂಬತ್ತನೇ ಕ್ಲಾಸು. ಶುಭಾಂಶು ಶುಕ್ಲಾ ಅಂತರಿಕ್ಷ ನಿಲ್ದಾಣಕ್ಕೆ ಹೋಗಿ ಬಂದದ್ದನ್ನು ಟೀವಿಯಲ್ಲಿ ನೋಡಿದಾಗಿನಿಂದ ಗಗನಯಾತ್ರಿ ಆಗುತ್ತೇನೆ ಅಂತ ಒಂದೇ ಹಟ. ಆದರೆ ನನ್ನ ತವರು ಉಜಿರೆ. ಚಾರ್ಮಾಡಿ ಘಾಟಿಯಲ್ಲೇ ಹೋಗಬೇಕು. ಕೊಟ್ಟಿಗೆಹಾರ ದಾಟಿದರೆ ಸಾಕು, ಅವಳಿಗೆ ವಾಂತಿ ಶುರು. ‘ಘಾಟಿ ಬಸ್ಸಲ್ಲೇ ಕಕ್ಕುವವಳು ರಾಕೆಟ್ಟಲ್ಲಿ ಏನು ಮಾಡ್ತಾಳೆ’ ಅಂತ ನನ್ನ ಮೈದುನ ನಗುತ್ತಾರೆ. ಅದಾದ ಮೇಲೆ ಅವಳು ಊಟಕ್ಕೂ ಕೂರದೆ ಅತ್ತಿದ್ದಾಳೆ. ಅಲ್ಲಿ ಹೆಂಗಸರಿಗೆ ಮುಟ್ಟಾದರೆ ರಕ್ತ ಒಳಗೇ ಹಿಂದಕ್ಕೆ ಹೋಗಿ ಅಪಾಯ ಆಗುತ್ತದೆ ಅಂತ ಯಾರೋ ಹೇಳಿದ್ದಾರೆ, ಹೌದೇ? ಬಸ್ಸು ಹತ್ತುವ ಮುಂಚೆ ಪ್ರತಿ ಸಲ ಅವೊಮಿನ್ ಮಾತ್ರೆ ಕೊಡುತ್ತೇನೆ, ತಪ್ಪೇ? ಇನ್ನೊಂದು ವಿಷಯ ಅವಳು ಬರೆಯಬೇಡ ಅಂದರೂ ಬರೆಯುತ್ತಿದ್ದೇನೆ. ಶಾಲೆಯ ಶೌಚಾಲಯಕ್ಕೆ ಹೋಗಲು ಅಸಹ್ಯ ಅಂತ ಬೆಳಿಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯುವುದಿಲ್ಲ. ಅಂಥವಳು ಅಲ್ಲಿಗೆ ಹೋಗಿ ಹೇಗೆ ಇರುತ್ತಾಳೆ ಸ್ವಾಮಿ?

ಉತ್ತರ: ಮೊದಲು ನಿಮ್ಮ ಮೈದುನರಿಗೆ ಉತ್ತರ ಕೊಡೋಣ, ಮಗುವಿಗೆ ನಾಟಿರುವುದು ಅವರ ಮಾತೇ. ರಾಕೆಟ್ಟಲ್ಲಿ ಹೋದವರು ಏನು ಮಾಡುತ್ತಾರೆ ಅಂದರೆ, ಅವರೂ ವಾಂತಿ ಮಾಡುತ್ತಾರೆ. ಹತ್ತು ಜನ ಹೋದರೆ ಆರೇಳು ಜನರಿಗೆ ಮೊದಲ ಎರಡು ಮೂರು ದಿನ ಹೊಟ್ಟೆ ತೊಳಸುವುದು, ತಲೆ ಭಾರ, ಊಟ ಸೇರದಿರುವುದು, ವಾಂತಿ, ಇವುಗಳಲ್ಲಿ ಒಂದಲ್ಲ ಒಂದು ಇದ್ದೇ ಇರುತ್ತದೆ. ಈ ಪಟ್ಟಿಯಲ್ಲಿ ಮೊದಲ ಹೆಸರು ಗೆರ್ಮನ್ ಟಿಟೋವ್ ಅವರದು. ಯೂರಿ ಗಗಾರಿನ್ ನಂತರ ಭೂಮಿಯನ್ನು ಸುತ್ತಿದ ಎರಡನೆಯ ಮನುಷ್ಯ. 1961ರ ಆಗಸ್ಟಿನಲ್ಲಿ ಒಂದು ದಿನಕ್ಕಿಂತ ತುಸು ಹೆಚ್ಚು ಕಾಲ ಮೇಲಿದ್ದರು, ಅಷ್ಟರಲ್ಲೇ ವಾಂತಿಯಾಯಿತು. 1968ರಲ್ಲಿ ಚಂದ್ರನತ್ತ ಹೊರಟ ಅಪೊಲೊ 8ರ ಕಮಾಂಡರ್ ಫ್ರಾಂಕ್ ಬೋರ್ಮನ್‌ಗೆ ವಾಂತಿಯ ಜೊತೆ ಭೇದಿಯೂ ಆಯಿತು. 1985ರಲ್ಲಿ ನಾಸಾದ ಷಟಲ್ ನೌಕೆ ಹತ್ತಿದ ಅಮೆರಿಕದ ಸೆನೆಟರ್ ಜೇಕ್ ಗಾರ್ನ್ ಎಷ್ಟು ಹೈರಾಣಾದರೆಂದರೆ, ಗಗನಯಾತ್ರಿಗಳು ಆಮೇಲೆ ವಾಂತಿಯನ್ನು ಅಳೆಯಲು ‘ಗಾರ್ನ್’ ಅಂತ ಒಂದು ತಮಾಷೆಯ ಮಾನವನ್ನೇ ಮಾಡಿಕೊಂಡರು. ಒಂದು ಗಾರ್ನ್ ಅಂದರೆ ಅದಕ್ಕಿಂತ ಮೇಲೆ ಇಲ್ಲ. ಶುಕ್ಲಾ ಅವರೂ 2025ರ ಜೂನಿನಲ್ಲಿ ನಿಲ್ದಾಣ ತಲುಪುವ ಮುಂಚೆ, ಮೇಲೇರಿದ ಹೊಸತರಲ್ಲಿ ತಮಗೆ ಅಷ್ಟೇನೂ ಚೆನ್ನಾಗಿರಲಿಲ್ಲ, ತುಂಬಾ ನಿದ್ದೆ ಮಾಡುತ್ತಿದ್ದೇನಂತೆ ಎಂದು ನಗುತ್ತಲೇ ಹೇಳಿದ್ದರು. ಮಗಳು ಅದನ್ನು ಟೀವಿಯಲ್ಲಿ ಕೇಳಿಸಿಕೊಂಡಿರಲಿಕ್ಕೂ ಸಾಕು.

ಇನ್ನು ಮುಖ್ಯ ವಿಷಯ. ಭೂಮಿಯ ಮೇಲೆ ಬಸ್ಸು, ಹಡಗು, ಜಾತ್ರೆಯ ತೊಟ್ಟಿಲಲ್ಲಿ ಯಾರಿಗೆ ವಾಂತಿಯಾಗುತ್ತದೆ ಅನ್ನುವುದಕ್ಕೂ ಅಂತರಿಕ್ಷದಲ್ಲಿ ಯಾರಿಗೆ ಆಗುತ್ತದೆ ಅನ್ನುವುದಕ್ಕೂ ತಾಳೆ ಬೀಳುವುದಿಲ್ಲ. ದಶಕಗಳಿಂದ ತಿರುಗುವ ಕುರ್ಚಿಯಲ್ಲಿ ಕೂರಿಸಿ, ಬೀಳುವ ವಿಮಾನದಲ್ಲಿ ತೇಲಿಸಿ, ಮೊದಲೇ ಕಂಡುಹಿಡಿಯಲು ನೋಡಿದ್ದಾರೆ. ಕೈಗೆ ಹತ್ತಿಲ್ಲ. ವೈಮಾನಿಕ ವೈದ್ಯಕೀಯದಲ್ಲಿ ಕೆಲಸ ಮಾಡಿದ ನನ್ನಂಥವರಿಗೆ ಇದು ಸ್ವಲ್ಪ ಮುಖಭಂಗದ ಸಂಗತಿಯೇ.

ಬಿಲ್ ಪೋಗ್ ಅವರದು ಇದಕ್ಕೆ ಒಳ್ಳೆಯ ನಿದರ್ಶನ. ಅಮೆರಿಕ ವಾಯುಪಡೆಯ ಥಂಡರ್‌ಬರ್ಡ್ಸ್ ಸಾಹಸ ತಂಡದಲ್ಲಿ ವಿಮಾನವನ್ನು ತಲೆಕೆಳಗು ಮಾಡಿ ಹಾರಿಸುತ್ತಿದ್ದವರು. ಕುರ್ಚಿಯಲ್ಲಿ ಎಷ್ಟು ತಿರುಗಿಸಿದರೂ ಜಪ್ಪಯ್ಯ ಅನ್ನದ ಹೊಟ್ಟೆ ಅವರದು ಎಂದು ಹೆಸರಾಗಿತ್ತು. 1973ರ ನವೆಂಬರಿನಲ್ಲಿ ಇನ್ನಿಬ್ಬರ ಜೊತೆ ಅಮೆರಿಕದ ಅಂತರಿಕ್ಷ ನಿಲ್ದಾಣ ಸ್ಕೈಲ್ಯಾಬ್‌ಗೆ ಹೋದರು. ಮೂವರಲ್ಲಿ ಮೊದಲ ದಿನವೇ ಮಲಗಿದವರು ಅವರೇ. ಕೆಳಗಿನವರಿಗೆ ಗೊತ್ತಾದರೆ ಸುಮ್ಮನೆ ಗಲಾಟೆ ಎಂದು ಮೂವರೂ ಮಾತಾಡಿಕೊಂಡರು. ವಾಂತಿಯ ಚೀಲವನ್ನು ಕಸದ ಜೊತೆ ಸಾಗಹಾಕಿಬಿಡೋಣ, ವರದಿ ಬೇಡ ಅಂತ ತೀರ್ಮಾನವಾಯಿತು. ನೌಕೆಯೊಳಗಿನ ಟೇಪ್ ರೆಕಾರ್ಡರ್ ಓಡುತ್ತಿತ್ತು ಅನ್ನುವುದು ನೆನಪಿರಲಿಲ್ಲ! ಟೇಪು ಕೆಳಗೆ ಬಂದು, ಟೈಪಾಗಿ, ಮೇಲಧಿಕಾರಿಗಳ ಕೈ ಸೇರಿತು. ಗಗನಯಾತ್ರಿಗಳ ಮುಖ್ಯಸ್ಥ ಅಲನ್ ಶೆಪರ್ಡ್ ರೇಡಿಯೋದಲ್ಲಿ, ಜಗತ್ತಿಗೇ ಕೇಳುವಂತೆ ಗದರಿದರು. ವಾಂತಿ ಮಾಡಿದ್ದಕ್ಕಲ್ಲ, ಮುಚ್ಚಿಟ್ಟದ್ದಕ್ಕೆ. ಅದೇ ಮೂವರು ಆಮೇಲೆ 84 ದಿನ ಅಲ್ಲಿ ದುಡಿದು ಬಂದರು.

ಏಕೆ ಹೀಗಾಗುತ್ತದೆ? ನಮ್ಮ ಒಳಕಿವಿಯಲ್ಲಿ ಎರಡು ಬಗೆಯ ಅಂಗಗಳಿವೆ. ಮೂರು ಅರೆವೃತ್ತದ ನಾಳಗಳು ತಲೆ ತಿರುಗಿದ್ದನ್ನು ತಿಳಿಸುತ್ತವೆ. ಇನ್ನೆರಡು ಪುಟ್ಟ ಚೀಲಗಳಲ್ಲಿ ಅಂಟಾದ ಪದರದ ಮೇಲೆ ಸಣ್ಣ ಸುಣ್ಣದ ಹರಳುಗಳು ಕೂತಿರುತ್ತವೆ. ಅವು ತಮ್ಮ ಭಾರಕ್ಕೆ ಯಾವ ಕಡೆ ಜಾರಿದವು ಅನ್ನುವುದರಿಂದ ‘ಕೆಳಗೆ’ ಎಲ್ಲಿದೆ ಅಂತ ಮೆದುಳಿಗೆ ಗೊತ್ತಾಗುತ್ತದೆ. ಘಾಟಿಯಲ್ಲಿ ಮಗಳ ಕಣ್ಣು ಮುಂದಿನ ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡುತ್ತ ‘ನಾನು ಕದಲುತ್ತಿಲ್ಲ’ ಅನ್ನುತ್ತದೆ. ಕಿವಿ ಮಾತ್ರ ಪ್ರತಿ ತಿರುವಿಗೂ ‘ತಿರುಗಿದೆ, ವಾಲಿದೆ’ ಅನ್ನುತ್ತದೆ. ಈ ತಗಾದೆ ಬಗೆಹರಿಯದಿದ್ದಾಗ ಮೆದುಳು ಹೊಟ್ಟೆಯ ಮೇಲೆ ಹಾಕುತ್ತದೆ. ಅಂತರಿಕ್ಷದಲ್ಲಿ ತಗಾದೆ ಬೇರೆ ತರಹದ್ದು. ಅಲ್ಲಿ ಹರಳುಗಳಿಗೆ ಭಾರವೇ ಇಲ್ಲ, ‘ಕೆಳಗೆ’ ಅನ್ನುವುದೇ ಇಲ್ಲ. ಸಹೋದ್ಯೋಗಿ ಎದುರಿಗೆ ತಲೆಕೆಳಗಾಗಿ ತೇಲುತ್ತ ಬಂದರೆ ಸಾಕು, ಒಮ್ಮೆಲೇ ಒದ್ದುಕೊಂಡು ಬರುತ್ತದೆ. ಬಸ್ಸಿನಲ್ಲಾದರೆ ಬಾಯಲ್ಲಿ ನೀರೂರಿ, ಬೆವರಿ, ಕಿಟಕಿ ತೆಗೆಯುವಷ್ಟು ಹೊತ್ತು ಸಿಗುತ್ತದೆ. ಅಲ್ಲಿ ಆ ಮುನ್ಸೂಚನೆಯೂ ಎಷ್ಟೋ ಸಲ ಇರುವುದಿಲ್ಲ. ಕಕ್ಕಿದ್ದು ಕೆಳಗೆ ಬೀಳುವುದಿಲ್ಲ, ಚೀಲದ ತಳಕ್ಕೆ ಬಡಿದು ಮುಖಕ್ಕೇ ವಾಪಸು ಬರುತ್ತದೆ. ಅದಕ್ಕೇ ಚೀಲದ ಬಾಯಿಗೆ ಮುಖ ಒರೆಸಿಕೊಳ್ಳುವ ಬಟ್ಟೆ ಹೊಲಿದಿರುತ್ತಾರೆ. ಒರೆಸಿಕೊಂಡು, ಬಟ್ಟೆಯನ್ನೂ ಒಳಗೆ ತುರುಕಿ, ಬಾಯಿ ಮುಚ್ಚಿ ಕಟ್ಟುವುದು. ಒಳ್ಳೆಯ ಸುದ್ದಿ ಅಂದರೆ, ಆದ ಮೇಲೆ ಹಾಯೆನಿಸಿ ಕೆಲವರು ಸ್ವಲ್ಪ ಹೊತ್ತಿಗೆಲ್ಲ ಊಟ ಕೇಳುತ್ತಾರೆ.

ಅಮೆರಿಕದ ಮೊದಲ ಕಾಲದ ಮರ್ಕ್ಯುರಿ, ಜೆಮಿನಿ ನೌಕೆಗಳಲ್ಲಿ ವಾಂತಿಯ ವರದಿಯೇ ಇಲ್ಲ, ಅಪೊಲೊ ಬಂದ ಮೇಲೆ ಶುರುವಾಯಿತು. ಗಗನಯಾತ್ರಿಗಳು ದುರ್ಬಲರಾದರು ಅಂತಲ್ಲ, ನೌಕೆ ದೊಡ್ಡದಾಯಿತು. ಮಿಸುಕಾಡಲೂ ಜಾಗವಿಲ್ಲದ ಕಡೆ ತಲೆ ಆಡಿಸುವುದೇ ಕಡಿಮೆ.

ಒಳಕಿವಿಯೇ ಇದಕ್ಕೆ ಕಾರಣ ಅನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಸಾಕ್ಷಿಯೊಂದಿದೆ. 1950ರ ದಶಕದ ಕೊನೆಗೆ ಅಮೆರಿಕದ ನೌಕಾಪಡೆ ಮತ್ತು ನಾಸಾ ಸೇರಿ, ವಾಷಿಂಗ್ಟನ್ನಿನ ಗ್ಯಾಲಡೆಟ್ ಕಾಲೇಜಿನಿಂದ 11 ಮಂದಿ ಕಿವುಡ ಪುರುಷರನ್ನು ಪರೀಕ್ಷೆಗೆ ಆರಿಸಿಕೊಂಡವು. ಒಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಎಳವೆಯಲ್ಲಿ ಮೆದುಳುಪೊರೆಯ ಸೋಂಕು ಬಂದು, ಕೇಳುವ ಶಕ್ತಿಯ ಜೊತೆ ಸಮತೋಲದ ಅಂಗವೂ ಕೆಟ್ಟಿತ್ತು. ಅವರನ್ನು ಏನು ಮಾಡಿದರೂ ವಾಂತಿ ಬರಿಸಲು ಆಗಲಿಲ್ಲ. ಒಮ್ಮೆ ಕೆನಡಾದ ನೋವಾಸ್ಕೋಷಿಯಾ ಕಡಲಿನಲ್ಲಿ, ಬಿರುಗಾಳಿಯ ನಡುವೆ ಹಡಗಿನಲ್ಲಿ ಪರೀಕ್ಷೆ ಇಟ್ಟರು. ಇವರು ಇಸ್ಪೀಟು ಆಡುತ್ತ ಕೂತರು. ಬರೆದುಕೊಳ್ಳಬೇಕಾದ ವಿಜ್ಞಾನಿಗಳೇ ವಾಂತಿ ಮಾಡಿ ಮಲಗಿ, ಪರೀಕ್ಷೆ ನಿಲ್ಲಿಸಬೇಕಾಯಿತು. ಅಂದರೆ ನಿಮ್ಮ ಮಗಳಿಗೆ ಘಾಟಿಯಲ್ಲಿ ವಾಂತಿಯಾಗುತ್ತದೆ ಅನ್ನುವುದು ಅವಳ ಒಳಕಿವಿ ಚೆನ್ನಾಗಿ ಕೆಲಸ ಮಾಡುತ್ತಿದೆ ಅನ್ನುವುದರ ಗುರುತು. ಮೈದುನರಿಗೆ ಇದನ್ನೂ ಹೇಳಿ.

ಆದರೆ ನಿಮ್ಮನ್ನು ಪೂರ್ತಿ ನಿಶ್ಚಿಂತೆಯಲ್ಲಿ ಬಿಡುವುದು ಸರಿಯಲ್ಲ. ತೊಡಕು ಬರುವುದಿದ್ದರೆ ಅದು ರಾಕೆಟ್ಟಿನಲ್ಲಲ್ಲ, ಅದಕ್ಕೂ ಮುಂಚೆ. ಇಸ್ರೋದ ಗಗನಯಾನ ಯೋಜನೆಗೆ ಆಯ್ಕೆಯಾದ ಮೊದಲ ನಾಲ್ವರೂ ವಾಯುಪಡೆಯ ಟೆಸ್ಟ್ ಪೈಲಟ್‌ಗಳು. ಆಯ್ಕೆಯ ವೈದ್ಯಕೀಯ ಪರೀಕ್ಷೆ ನಡೆದದ್ದು ಬೆಂಗಳೂರಿನ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ. ಪೈಲಟ್ ತರಬೇತಿಯಲ್ಲಿ ವಿಮಾನ ಹತ್ತಿದಾಗಲೆಲ್ಲ ವಾಂತಿ ಮಾಡಿಕೊಂಡರೆ ಅದು ಗಣನೆಗೆ ಬರುತ್ತದೆ. ತರಬೇತಿಯ ಶುರುವಿನಲ್ಲಿ ಬಹಳ ಹುಡುಗ ಹುಡುಗಿಯರಿಗೆ ಆಗುತ್ತದೆ, ಹತ್ತಾರು ಹಾರಾಟಕ್ಕೆ ತಾನಾಗಿಯೇ ಹೋಗುತ್ತದೆ. ಹೋಗದವರನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ, ದಿನಕ್ಕಿಷ್ಟು ಅಂತ ವೇಗ ಹೆಚ್ಚಿಸುತ್ತ, ಉಸಿರು ಹತೋಟಿಗೆ ತರುವುದನ್ನು ಕಲಿಸುತ್ತ ಒಗ್ಗಿಸುತ್ತಾರೆ. ಹೆಚ್ಚಿನವರು ಒಗ್ಗುತ್ತಾರೆ. ಕೆಲವರು ಒಗ್ಗುವುದಿಲ್ಲ, ಅವರಿಗೆ ಹಾರಾಟ ಬಿಟ್ಟು ಬೇರೆ ಶಾಖೆ. ಈ ತರಬೇತಿಯಲ್ಲಿ ಮೂರು ದಿನ ಬಾಯಿ ಮುಚ್ಚಿಕೊಂಡಿದ್ದು ನಾಲ್ಕನೇ ದಿನ ಬಂದು ಹೇಳುವವರಿಗಿಂತ, ಮೊದಲ ದಿನವೇ ‘ಸರ್, ಆಗ್ತಿಲ್ಲ’ ಅನ್ನುವವರಿಗೆ ನಾವು ಬೇಗ ಸಹಾಯ ಮಾಡಬಹುದು.

ಅವಳ ವಯಸ್ಸು ಅವಳ ಪರವಾಗಿದೆ. ಪ್ರಯಾಣದ ವಾಂತಿ ಹೆಚ್ಚಾಗಿ ಆರರಿಂದ ಹನ್ನೆರಡರ ನಡುವೆ ಜೋರು, ಆಮೇಲೆ ಇಳಿಯುತ್ತ ಹೋಗುತ್ತದೆ. ಹೆಣ್ಣುಮಕ್ಕಳಲ್ಲಿ ತುಸು ಹೆಚ್ಚು ದಿನ ಉಳಿಯುತ್ತದೆ, ಮನೆಯಲ್ಲಿ ಅರೆತಲೆನೋವಿನವರಿದ್ದರೆ ಇನ್ನೂ ಸ್ವಲ್ಪ. ಬಸ್ಸಿಲ್ಲದೆ ಮನೆಯಲ್ಲೇ ಇದ್ದಾಗಲೂ ತಲೆಸುತ್ತು ಬಂದರೆ, ಕಿವಿಯಲ್ಲಿ ಗುಂಯ್‌ಗುಡಿದರೆ, ಬೆಳಿಗ್ಗೆ ಎದ್ದೊಡನೆ ತಲೆನೋವು ವಾಂತಿ ಇದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ. ಅದು ಬೇರೆ ವಿಷಯ.

ಮಾತ್ರೆಯ ಬಗ್ಗೆ. ನೀವು ಕೊಡುವ ಅವೊಮಿನ್‌ನಲ್ಲಿರುವುದು ಪ್ರೊಮೆಥಜಿನ್. ಷಟಲ್ ಕಾಲದಿಂದ ಅಂತರಿಕ್ಷದ ವಾಂತಿಗೆ ಚುಚ್ಚುಮದ್ದಾಗಿ ಕೊಡುತ್ತ ಬಂದದ್ದೂ ಇದೇ ಔಷಧವನ್ನೇ. ಈ ಸುದ್ದಿ ಕೇಳಿದರೆ ಮಗಳಿಗೆ ಮಾತ್ರೆಯ ಮೇಲೆ ಗೌರವ ಬರಬಹುದು. ಅಪರೂಪಕ್ಕೆ ತವರಿಗೆ ಹೋಗುವಾಗ ಕೊಡುವುದು ತಪ್ಪಲ್ಲ. ಹೊರಡುವ ಒಂದೆರಡು ಗಂಟೆ ಮುಂಚೆ ಕೊಡಬೇಕು. ಕೊಟ್ಟಿಗೆಹಾರದಲ್ಲಿ ನುಂಗಿಸಿದರೆ ಅದು ಕೆಲಸ ಶುರುಮಾಡುವಷ್ಟರಲ್ಲಿ ಉಜಿರೆ ಬಂದಿರುತ್ತದೆ. ಪ್ರಮಾಣವನ್ನು ನಿಮ್ಮ ವೈದ್ಯರ ಹತ್ತಿರ ಒಮ್ಮೆ ಕೇಳಿಕೊಳ್ಳಿ. ತೂಕಡಿಕೆ, ಬಾಯಿ ಒಣಗುವುದು ಇದರ ಅಡ್ಡ ಪರಿಣಾಮ. ಪರೀಕ್ಷೆಯ ದಿನ, ಆಟೋಟದ ದಿನ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗಂತೂ ಕೊಡಲೇಬಾರದು, ಮನೆಯಲ್ಲಿ ಚಿಕ್ಕವರಿದ್ದರೆ ನೆನಪಿರಲಿ. ಪ್ರತಿ ಸಲವೂ ಮಾತ್ರೆ ನುಂಗಿ ಮಲಗಿಬಿಟ್ಟರೆ ಮೆದುಳಿಗೆ ಒಗ್ಗಿಕೊಳ್ಳುವ ಅವಕಾಶ ಸಿಗುವುದಿಲ್ಲ. ಅವಳಿಗೆ ನಿಜಕ್ಕೂ ಬೇಕಾಗಿರುವುದು ಆ ಒಗ್ಗಿಕೊಳ್ಳುವ ಅಭ್ಯಾಸವೇ. ಚಿಕ್ಕ ಪ್ರಯಾಣಗಳಲ್ಲಿ ಮಾತ್ರೆ ಬಿಟ್ಟು ನೋಡಿ. ಡ್ರೈವರ್ ಹಿಂದಿನ ಮುಂಭಾಗದ ಸೀಟು, ಕಣ್ಣು ದೂರದ ರಸ್ತೆಯ ಮೇಲೆ, ಮೊಬೈಲ್ ಚೀಲದಲ್ಲಿ, ಹೊಟ್ಟೆ ಪೂರ್ತಿ ಖಾಲಿಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ನಿಂಬೆಹಣ್ಣು ಮೂಸುವುದರಿಂದ ವಾಂತಿ ನಿಲ್ಲುತ್ತದೆ ಅಂತ ನಾನು ಹೇಳಲಾರೆ. ಆದರೆ ಡೀಸೆಲ್ ವಾಸನೆಗಿಂತ ನಿಂಬೆಯ ವಾಸನೆ ಎಷ್ಟೋ ವಾಸಿ, ಮೂಸಲಿ.

ಅಂದಹಾಗೆ ರಾಕೇಶ್ ಶರ್ಮಾ 1984ರ ಏಪ್ರಿಲಿನಲ್ಲಿ ಸೋವಿಯತ್ ಅಂತರಿಕ್ಷ ನಿಲ್ದಾಣ ಸಲ್ಯೂತ್ 7ಕ್ಕೆ ಹೋದಾಗ, ಯೋಗದಿಂದ ಈ ವಾಂತಿ ತಡೆಯಬಹುದೇ ಅಂತ ಅಲ್ಲೇ ಯೋಗ ಮಾಡಿ ನೋಡಿದ್ದರು. ಒಬ್ಬರ ಮೇಲೆ ಮಾಡಿದ ಪ್ರಯೋಗದಿಂದ ಇತ್ಯರ್ಥವಾಗುವ ವಿಷಯ ಅದಲ್ಲ. ಅವರ ಜೊತೆ ಹೋದ ಹಲ್ವ, ಆಲೂ ಛೋಲೆ, ಪಲಾವ್ ಮಾತ್ರ ಗೆದ್ದವು. ಅವನ್ನು ತಯಾರಿಸಿಕೊಟ್ಟದ್ದು ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ.

ಈಗ ಮುಟ್ಟಿನ ಮಾತು. ನಿಮಗೆ ಯಾರೋ ಹೇಳಿದ ಭಯ ಹಳ್ಳಿಯಲ್ಲಿ ಹುಟ್ಟಿದ್ದಲ್ಲ, ಅದನ್ನು ಒಂದು ಕಾಲಕ್ಕೆ ನಾಸಾದ ವೈದ್ಯರೇ ಇಟ್ಟುಕೊಂಡಿದ್ದರು. ಗುರುತ್ವವಿಲ್ಲದಿದ್ದರೆ ರಕ್ತ ಹೊರಗೆ ಬರದೆ ಹೊಟ್ಟೆಯೊಳಕ್ಕೆ ಹಿಮ್ಮುಖವಾಗಿ ಹೋದರೆ ಏನು ಗತಿ ಅಂತ. ಹೆಂಗಸರು ಹೋಗಿ ನೋಡಿದಾಗ ಏನೂ ಆಗಲಿಲ್ಲ. ಗರ್ಭಕೋಶ ರಕ್ತವನ್ನು ತನ್ನ ಸ್ನಾಯುವಿನ ಬಲದಿಂದ ಹೊರದೂಡುತ್ತದೆ, ಭೂಮಿ ಎಳೆಯಲಿ ಅಂತ ಕಾಯುವುದಿಲ್ಲ. ಇಲ್ಲಿ ನಾವು ಮಲಗಿದ್ದಾಗಲೂ ಮುಟ್ಟು ನಿಲ್ಲುವುದಿಲ್ಲವಲ್ಲ! ಆ ಕಾಲದ ಗಂಡಸರ ತಿಳಿವಳಿಕೆ ಎಷ್ಟಿತ್ತು ಅಂದರೆ, 1983ರಲ್ಲಿ ಅಮೆರಿಕದ ಮೊದಲ ಮಹಿಳಾ ಗಗನಯಾತ್ರಿ ಸ್ಯಾಲಿ ರೈಡ್ ಒಂದು ವಾರದ ಯಾನಕ್ಕೆ ಹೊರಟಾಗ, ಎಂಜಿನಿಯರುಗಳು ಟ್ಯಾಂಪನ್ (ಮುಟ್ಟಿನ ರಕ್ತ ಹೀರಲು ದೇಹದೊಳಗೆ ಇಟ್ಟುಕೊಳ್ಳುವ ಹತ್ತಿಯ ಬತ್ತಿ) ಕಟ್ಟಿ, 100 ಸಾಕಾಗುತ್ತದೆಯೇ ಅಂತ ಕೇಳಿದ್ದರಂತೆ. ಚಂದ್ರನ ಮೇಲೆ ಮನುಷ್ಯರನ್ನು ಇಳಿಸಿ ತಂದ ಸಂಸ್ಥೆಗೆ ಇದರ ಲೆಕ್ಕ ಸಿಕ್ಕಿರಲಿಲ್ಲ.

ಇಂದು ಅಲ್ಲಿಗೆ ಹೋಗುವ ಹೆಂಗಸರ ಮುಂದೆ ಎರಡು ದಾರಿ. ಮುಟ್ಟನ್ನು ಅದರ ಪಾಡಿಗೆ ಬಿಡುವುದು, ಅಥವಾ ಗುಳಿಗೆಯಿಂದಲೋ ಗರ್ಭಕೋಶದೊಳಗೆ ಇಡುವ ಸಾಧನದಿಂದಲೋ ಮುಂದೂಡುವುದು. ತಿಂಗಳುಗಟ್ಟಲೆ ಇರುವವರಲ್ಲಿ ಮುಂದೂಡುವವರೇ ಹೆಚ್ಚು. ಅದು ಆರೋಗ್ಯದ ಭಯಕ್ಕಲ್ಲ. ಅಲ್ಲಿ ನೀರಿಗೆ ತತ್ವಾರ, ಎಲ್ಲ ಸಾಮಾನೂ ಹೊತ್ತೊಯ್ಯಬೇಕು, ಮೂತ್ರವನ್ನು ಶುದ್ಧ ಮಾಡಿ ನೀರು ತೆಗೆಯುವ ಯಂತ್ರವನ್ನು ರಕ್ತಕ್ಕೆಂದು ಮಾಡಿದ್ದಲ್ಲ. ಗುಳಿಗೆಗೂ ಅದರದೇ ಅಪಾಯವಿದೆ. ಈಸ್ಟ್ರೊಜೆನ್ ಇರುವ ಗುಳಿಗೆಯಿಂದ ರಕ್ತ ಹೆಪ್ಪುಗಟ್ಟುವ ಸಂಭವ ತುಸು ಹೆಚ್ಚುತ್ತದೆ. ತೂಕವಿಲ್ಲದ ಸ್ಥಿತಿಯಲ್ಲಿ ರಕ್ತ ತಲೆಯ ಕಡೆಗೆ ಸೇರಿಕೊಳ್ಳುತ್ತದೆ, ಮುಖ ಊದಿ ಕಾಲು ಕಡ್ಡಿಯಾಗುತ್ತದೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 11 ಗಗನಯಾತ್ರಿಗಳ ಪೈಕಿ 6 ಮಂದಿಗೆ ಕತ್ತಿನ ರಕ್ತನಾಳದಲ್ಲಿ ಹರಿವು ನಿಂತಂತೆ ಅಥವಾ ಹಿಮ್ಮುಖವಾದಂತೆ ಕಂಡಿತ್ತು, ಒಬ್ಬರಲ್ಲಿ ಹೆಪ್ಪೂ ಸಿಕ್ಕಿತ್ತು. ಹಿಮ್ಮುಖ ಹರಿವಿನ ಅಪಾಯ ಇರುವುದು ಕತ್ತಿನಲ್ಲಿ, ಗಂಡು ಹೆಣ್ಣು ಇಬ್ಬರಿಗೂ.

ಇನ್ನು ಅವಳು ಬರೆಯಬೇಡ ಅಂದ ವಿಷಯ. ನಾಚಿಕೆ ಬೇಡ ಅಂತ ಹೇಳಿ, ಅಂತರಿಕ್ಷಯಾನದ ಇತಿಹಾಸದ ಅರ್ಧ ಇದೇ. ಪೋಗ್ ತಂಡವನ್ನು ಗದರಿದ ಅಲನ್ ಶೆಪರ್ಡ್ ಅವರೇ 1961ರಲ್ಲಿ ಅಂತರಿಕ್ಷಕ್ಕೆ ಹೋದ ಮೊದಲ ಅಮೆರಿಕನ್. ಯಾನ ಕೇವಲ 15 ನಿಮಿಷದ್ದು, ಮೂತ್ರದ ಏರ್ಪಾಡು ಏಕೆ ಅಂತ ಯಾರೂ ಯೋಚಿಸಿರಲಿಲ್ಲ. ಉಡಾವಣೆ ತಡವಾಗಿ ಗಂಟೆಗಟ್ಟಲೆ ನೌಕೆಯಲ್ಲೇ ಮಲಗಿರಬೇಕಾಯಿತು. ಕೊನೆಗೆ ಅನುಮತಿ ಕೇಳಿ ಸೂಟಿನೊಳಗೇ ಮಾಡಿಕೊಂಡರು. ಅಪೊಲೊ ಕಾಲದಲ್ಲಿ ಮಲಕ್ಕೆ ಅಂಟಿರುವ ಪ್ಲಾಸ್ಟಿಕ್ ಚೀಲ. ಅದನ್ನು ಹಿಂಭಾಗಕ್ಕೆ ಅಂಟಿಸಿಕೊಂಡು, ಆಮೇಲೆ ಕ್ರಿಮಿನಾಶಕ ಹಾಕಿ, ಚೀಲದ ಹೊರಗಿನಿಂದ ಕೈಯಲ್ಲಿ ನಾದಬೇಕು. 1969ರ ಮೇ ತಿಂಗಳಲ್ಲಿ ಚಂದ್ರನ ಹತ್ತಿರಕ್ಕೆ ಹೋದ ಅಪೊಲೊ 10ರ ಧ್ವನಿಮುದ್ರಣದಲ್ಲಿ ಒಂದು ಪ್ರಸಂಗ ದಾಖಲಾಗಿದೆ. ಕಮಾಂಡರ್ ಟಾಮ್ ಸ್ಟಾಫರ್ಡ್ ಗಾಬರಿಯಿಂದ ಕರವಸ್ತ್ರ ಕೊಡಿ ಅನ್ನುತ್ತಾರೆ, ಮಲದ ತುಂಡೊಂದು ಗಾಳಿಯಲ್ಲಿ ತೇಲಿ ಬರುತ್ತಿದೆ. ನನ್ನದಲ್ಲ ಅಂತ ಒಬ್ಬರು, ನನ್ನದು ಹೀಗಿರಲಿಲ್ಲ ಅಂತ ಇನ್ನೊಬ್ಬರು. ಯಾರದು ಅಂತ ಇವತ್ತಿನವರೆಗೂ ಇತ್ಯರ್ಥವಾಗಿಲ್ಲ.

ಈಗಿನ ನಿಲ್ದಾಣದಲ್ಲಿ ಗಾಳಿಯಿಂದ ಎಳೆದುಕೊಳ್ಳುವ ಶೌಚಾಲಯವಿದೆ. ಮೂತ್ರಕ್ಕೆ ಕೊಳವೆ, ಅದರ ಬಾಯಿಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಆಲಿಕೆ. ಮಲಕ್ಕೆ ಸಣ್ಣ ಬಾಯಿಯ ಡಬ್ಬ. ಷಟಲ್ ಕಾಲದಲ್ಲಿ ಆ ಬಾಯಿ ಸುಮಾರು 10 ಸೆಂಟಿಮೀಟರ್ ಅಗಲ ಅಷ್ಟೇ. ಗುರಿ ತಪ್ಪದೆ ಕೂರುವುದನ್ನು ಕಲಿಸಲು ಹೂಸ್ಟನ್ನಿನಲ್ಲಿ ಕೆಳಗಡೆ ಕ್ಯಾಮೆರಾ ಇಟ್ಟ ತರಬೇತಿ ಪೀಠವೇ ಇತ್ತು. ಎದುರಿನ ಪರದೆಯಲ್ಲಿ ತನ್ನದನ್ನು ತಾನೇ ನೋಡುತ್ತ ಸರಿಯಾಗಿ ಕೂರುವುದನ್ನು ಪಿಎಚ್‌ಡಿ ಮಾಡಿದವರೂ ಯುದ್ಧವಿಮಾನ ಹಾರಿಸಿದವರೂ ಕಲಿತರು. ಮೂತ್ರ, ಬೆವರು, ಉಸಿರಿನ ತೇವ ಎಲ್ಲವನ್ನೂ ಹಿಡಿದು ಮತ್ತೆ ಕುಡಿಯುವ ನೀರು ಮಾಡುತ್ತಾರೆ. 2023ರ ಹೊತ್ತಿಗೆ ಈ ಮರುಬಳಕೆ ಶೇಕಡ 98 ಮುಟ್ಟಿತು. ‘ಮೂತ್ರ ಕುಡಿಯುತ್ತಾರೆ’ ಅನ್ನುವ ಮಾತು ಸುಳ್ಳು, ಕುಡಿಯುವುದು ಶುದ್ಧವಾದ ನೀರನ್ನು.

ಇದನ್ನೆಲ್ಲ ಇಷ್ಟು ಉದ್ದ ಬರೆಯಲು ಕಾರಣವಿದೆ. ಶೌಚಾಲಯದ ರಗಳೆಗೆ ಹೆದರಿ ನೀರು ಬಿಡುವ ಅಭ್ಯಾಸ ಗಗನಯಾತ್ರಿಗಳಲ್ಲೂ ಇತ್ತು. ಅವರಿಗೆ ಅದು ದುಬಾರಿ. ತೂಕವಿಲ್ಲದಾಗ ಮೂಳೆಯಿಂದ ಸುಣ್ಣದ ಅಂಶ ರಕ್ತಕ್ಕೆ ಇಳಿದು ಮೂತ್ರದಲ್ಲಿ ಹೋಗುತ್ತದೆ. ಅದರ ಮೇಲೆ ನೀರೂ ಕಡಿಮೆಯಾದರೆ ಮೂತ್ರಪಿಂಡದಲ್ಲಿ ಕಲ್ಲು. ಹಾಗಾಗಿ ದಿನಕ್ಕೆ ಇಷ್ಟು ನೀರು ಕುಡಿಯಲೇಬೇಕು ಅಂತ ವೈದ್ಯರು ಬೆನ್ನು ಹತ್ತುತ್ತಾರೆ, ಮೂಳೆಗಾಗಿ ದಿನಾ ಎರಡು ಗಂಟೆಯಷ್ಟು ವ್ಯಾಯಾಮ ಬೇರೆ. ನಿಮ್ಮ ಮಗಳಿಗೆ ಈಗ ಕಲ್ಲಿನ ಭಯ ಅಷ್ಟಾಗಿ ಇಲ್ಲ, ಆದರೆ ಉರಿಮೂತ್ರ, ಮೂತ್ರನಾಳದ ಸೋಂಕು, ಮಲಬದ್ಧತೆ, ಮಧ್ಯಾಹ್ನದ ತಲೆನೋವು ಇವೆಲ್ಲ ನೀರು ಬಿಟ್ಟ ಹೆಣ್ಣುಮಕ್ಕಳಲ್ಲಿ ನಾನು ನೋಡುತ್ತಲೇ ಬಂದಿರುವಂಥವು. ಮುಟ್ಟಿನ ದಿನಗಳಲ್ಲಿ ಒಂದೇ ಪ್ಯಾಡಿನಲ್ಲಿ ಸಂಜೆವರೆಗೆ ಕೂರುವುದೂ ಇದರ ಜೊತೆಗೇ ಬರುತ್ತದೆ.

ಓದಿನ ವಿಷಯ ಚುಟುಕಾಗಿ ಹೇಳುತ್ತೇನೆ. ಪಿಯುಸಿಯಲ್ಲಿ ಭೌತವಿಜ್ಞಾನ, ಗಣಿತ ಇರಲಿ. ಸೇನಾಧಿಕಾರಿಗಳನ್ನು ತರಬೇತು ಮಾಡುವ ಎನ್‌ಡಿಎಗೆ ಈಗ ಹುಡುಗಿಯರನ್ನೂ ತೆಗೆದುಕೊಳ್ಳುತ್ತಾರೆ, ಮೊದಲ ತಂಡ 2022ರಲ್ಲಿ ಸೇರಿತು. ವಾಯುಪಡೆಯ ಮೊದಲ ಮೂವರು ಮಹಿಳಾ ಯುದ್ಧವಿಮಾನ ಪೈಲಟ್‌ಗಳು 2016ರಲ್ಲಿ ನಿಯುಕ್ತರಾದ ಮೇಲೆ ಹಾಕ್ ತರಬೇತಿ ವಿಮಾನದಲ್ಲಿ ಪಳಗಿದ್ದು ನಮ್ಮ ಬೀದರ್‌ನಲ್ಲೇ. ಶುಕ್ಲಾ ಎಂ.ಟೆಕ್. ಮಾಡಿದ್ದು ಬೆಂಗಳೂರಿನ ಐಐಎಸ್‌ಸಿಯಲ್ಲಿ. ಹಾರಾಟ ಒಗ್ಗದಿದ್ದರೂ ದಾರಿ ಮುಚ್ಚುವುದಿಲ್ಲ. ಶುಕ್ಲಾ ನಿಲ್ದಾಣದಲ್ಲಿ ಮೊಳಕೆ ಬರಿಸಿದ ಹೆಸರುಕಾಳು, ಮೆಂತ್ಯದ ಪ್ರಯೋಗ ರೂಪಿಸಿದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ವಿಜ್ಞಾನಿಗಳು. ಆ ಪ್ರಯೋಗಕ್ಕಾಗಿ ಅವರು ರಾಕೆಟ್ ಹತ್ತಬೇಕಾಗಿರಲಿಲ್ಲ.

ಶಾಲೆಯ ಶೌಚಾಲಯದ ವಿಷಯವನ್ನು ಮಾತ್ರ ಮಗಳ ಧೈರ್ಯಕ್ಕೆ ಬಿಡಬೇಡಿ, ಅದು ದೊಡ್ಡವರ ಕೆಲಸ. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ನೀವೇ ಹೋಗಿ. ಒಬ್ಬರೇ ಹೋಗಬೇಡಿ, ಅದೇ ತರಗತಿಯ ಇನ್ನು ನಾಲ್ಕು ತಾಯಂದಿರನ್ನು ಕೇಳಿ ನೋಡಿ, ಅವರ ಮಕ್ಕಳೂ ನೀರು ಕುಡಿಯುತ್ತಿರುವುದಿಲ್ಲ. ಬಾಗಿಲಿಗೆ ಒಳಚಿಲಕ, ಒಳಗೇ ನೀರಿನ ನಲ್ಲಿ, ಪ್ಯಾಡ್ ಹಾಕಲು ಮುಚ್ಚಳದ ಡಬ್ಬ, ದಿನಕ್ಕೊಮ್ಮೆ ತೊಳೆಯುವವರು ಯಾರು ಅನ್ನುವ ಹೆಸರು, ಈ ನಾಲ್ಕನ್ನೂ ಬರವಣಿಗೆಯಲ್ಲಿ ಕೇಳಿ. ಅಷ್ಟರವರೆಗೆ ಮಗಳು ಒಂದು ಲೀಟರ್ ಬಾಟಲಿ ತೆಗೆದುಕೊಂಡು ಹೋಗಿ ಸಂಜೆ ಖಾಲಿ ಮಾಡಿ ತರಲಿ. ಉರಿ, ಜ್ವರ, ಸೊಂಟದ ಪಕ್ಕೆ ನೋವು ಕಂಡರೆ ಕಾಯದೆ ಮೂತ್ರ ಪರೀಕ್ಷೆ ಮಾಡಿಸಿ.